ಹುತ್ತದ ಮಣ್ಣಿನಲ್ಲಿ ಮೊಳೆಯದ ಕಾಳು

ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದವಳು ನಾನು. ಯಾರಾದರೂ ಗಾಳಿ ಸೋಕಿತು, ಅಪಶಕುನವಾಯಿತು ಎಂದರೆ "ಸ್ವಲ್ಪ ಬಿಡಿಸಿ ಹೇಳಿ" ಎಂದು ಕೇಳಿ ಕೇಳಿಯೇ ಅವರ ಬಾಯಿ ಮುಚ್ಚಿಸುತ್ತಿದ್ದೆ. ನೆಂಟರು ನನಗೆ ಮೇಷ್ಟ್ರಮ್ಮ ಎಂದು ಹೆಸರಿಟ್ಟಿದ್ದರು, ಅದೇನೂ ಪ್ರೀತಿಯಿಂದ ಇಟ್ಟ ಹೆಸರಲ್ಲ. ಅಂಥವಳೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕು ಅನ್ನುವುದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ತೊಂಬತ್ತರ ದಶಕದ ಶುರುವಿನ ಮಾತು. ದೊಡ್ಡಬಳ್ಳಾಪುರದಲ್ಲಿ ನನ್ನ ತಂಗಿ ಮಂಜುಳಾಳ ಮದುವೆ. ನಮ್ಮದು ನೇಯ್ಗೆಯ ಮನೆ. ಮುಂದುಗಡೆ ನಾಲ್ಕು ಪವರ್‌ಲೂಮ್, ಹಿಂದುಗಡೆ ವಾಸ. ನನ್ನ ಗಂಡನ ಮನೆ ಎರಡು ಬೀದಿ ಆಚೆ. ಅಮ್ಮ ತೀರಿಕೊಂಡಿದ್ದರಿಂದ ಶಾಸ್ತ್ರಗಳನ್ನೆಲ್ಲ ನಡೆಸಲು ಅಪ್ಪನ ಅಕ್ಕ ನಂಜಮ್ಮತ್ತೆ ಬಂದು ಕೂತಿದ್ದರು. ಗಂಡು ನಮ್ಮ ಹತ್ತಿರದ ವಿಜಯಪುರದವನು, ರೇಷ್ಮೆ ನೂಲು ಹುರಿ ಮಾಡುವ ಮನೆತನ. ಅದಕ್ಕೆ ಮೊದಲು ಮಂಜುಗೆ ಎರಡು ಸಂಬಂಧ ಗೊತ್ತಾಗಿ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಇನ್ನು ಯಾರೂ ಹೆಣ್ಣು ಕೇಳಲು ಬರುವುದಿಲ್ಲ ಎಂಬ ಭಯ ಅಪ್ಪನಿಗೆ ಹತ್ತಿಕೊಂಡಿತ್ತು. ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಮಂಜು ಮಾತ್ರ ಏನೂ ಹೇಳುತ್ತಿರಲಿಲ್ಲ. ಕೇಳಿದರೆ "ನೀವೆಲ್ಲ ನೋಡಿದೀರಲ್ಲ" ಎಂದು ತಲೆ ತಗ್ಗಿಸುತ್ತಿದ್ದಳು. ನಾಚಿಕೆ ಎಂದುಕೊಂಡೆವು.

ನಮ್ಮಲ್ಲಿ ಮದುವೆಗೆ ಐದು ದಿನ ಮೊದಲು ಹುತ್ತದ ಮಣ್ಣು ತರುವ ಶಾಸ್ತ್ರವಿದೆ. ಮುತ್ತೈದೆಯರು ವಾದ್ಯದ ಜೊತೆ ಹೋಗಿ, ಹುತ್ತಕ್ಕೆ ಪೂಜೆ ಮಾಡಿ, ಅದರ ಬುಡದ ಮಣ್ಣನ್ನು ಬುಟ್ಟಿಯಲ್ಲಿ ತರುತ್ತಾರೆ. ಅದನ್ನು ಐದು ಮಣ್ಣಿನ ಕುಡಿಕೆಗಳಿಗೆ ತುಂಬಿ, ನವಧಾನ್ಯ ಬಿತ್ತಿ, ದೇವರ ಕೋಣೆಯಲ್ಲಿಟ್ಟು ನೀರು ಚಿಮುಕಿಸುತ್ತಾರೆ. ಮೊಳಕೆ ದಟ್ಟವಾಗಿ ಬಂದರೆ ಹೆಣ್ಣಿನ ಬಾಳು ಹಸಿರಾಗಿರುತ್ತದೆ ಎಂದು ನಂಬಿಕೆ. ಬರದಿದ್ದರೆ ಏನು ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಅಮ್ಮ ಬಾಯಿ ಮೇಲೆ ಹೊಡೆದಿದ್ದಳು.

ಬಿತ್ತಿ ಮೂರು ದಿನವಾದ ಬೆಳಿಗ್ಗೆ ನಾನು ಮಂಜುಗೆ ಅರಿಶಿನ ಹಚ್ಚಿ ಕೈ ತೊಳೆಯುತ್ತಿದ್ದಾಗ ನಂಜಮ್ಮತ್ತೆ ನನ್ನನ್ನು ದೇವರ ಕೋಣೆಗೆ ಕರೆದರು. ಐದು ಕುಡಿಕೆಯಲ್ಲೂ ಬರೀ ಮಣ್ಣು. ಅತ್ತೆ ಬೆರಳಿನಿಂದ ಕೆದಕಿ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ತೋರಿಸಿದರು. ಒಂದೂ ಉಬ್ಬಿರಲಿಲ್ಲ, ಸಿಪ್ಪೆ ಕಪ್ಪಿಟ್ಟಿತ್ತು.

"ನಾಳೆ ಬೆಳಿಗ್ಗೆವರ್ಗೂ ನೋಡ್ತೀನಿ. ಆಮೇಲೆ ಗಂಡಿನ ಕಡೆಯೋರ್ಗೆ ಹೇಳ್ಲೇಬೇಕು. ಮುಚ್ಚಿಟ್ಟು ಮದ್ವೆ ಮಾಡಿದ್ರೆ ಅದು ಈ ಮಗೀನ ತಲೆಗೇ ಬರುತ್ತೆ" ಎಂದರು. ಹೇಳಿದರೆ ಮದುವೆ ನಿಲ್ಲುತ್ತದೆ, ನಿಂತ ಮದುವೆಗೆ ಹೆಣ್ಣಿನ ದೋಷವೇ ಕಾರಣ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅಪ್ಪ ಆ ದಿನ ತಿಂಡಿಗೂ ಬರಲಿಲ್ಲ.

ನನಗೆ ಕಾರಣ ತಕ್ಷಣ ಹೊಳೆಯಿತು. ಆ ಹುತ್ತ ಇರುವುದು ಊರಾಚೆಯ ಗೋಮಾಳದಲ್ಲಿ. ನಾನು ಚಿಕ್ಕವಳಿದ್ದಾಗ ಅಲ್ಲಿ ತುಂಬೆ, ತಂಗಡಿ, ಉತ್ತರಾಣಿ, ಗರಿಕೆ ಎಲ್ಲ ಇದ್ದವು, ದನ ಮೇಯುತ್ತಿದ್ದವು. ಈಗ ಪೂರಾ ಕಾಂಗ್ರೆಸ್ ಗಿಡ. ಪುಸ್ತಕದಲ್ಲಿ ಪಾರ್ಥೇನಿಯಂ ಅನ್ನುತ್ತೇವಲ್ಲ, ಬಿಳಿ ಅಕ್ಷತೆ ಕಾಳಿನಂಥ ಹೂವು ಬಿಡುವುದು, ಅದೇ. ಎಲ್ಲಿಂದಲೋ ಬಂದು ನಮ್ಮ ಬಯಲನ್ನೆಲ್ಲ ನುಂಗಿದ ಗಿಡ. ಅದರ ಎಲೆ, ಬೇರು, ಹೂವಿನಲ್ಲಿ ಒಂದು ಬಗೆಯ ವಿಷವಿರುತ್ತದೆ. ಎಲೆ ಉದುರಿ ಕೊಳೆತಾಗ, ಮಳೆ ತೊಳೆದಾಗ ಅದು ಮಣ್ಣಿಗಿಳಿಯುತ್ತದೆ. ಅಕ್ಕಪಕ್ಕದ ಬೀಜ ಮೊಳೆಯುವುದಿಲ್ಲ, ಮೊಳೆತರೂ ಬೇರು ಬಿಡಲು ಒದ್ದಾಡುತ್ತದೆ. ಇದನ್ನೇ ನಂಜಮ್ಮತ್ತೆಗೆ ಬಿಡಿಸಿ ಹೇಳಿದೆ.

"ಗಿಡಕ್ಕೂ ಅಷ್ಟು ಹೊಟ್ಟೆಕಿಚ್ಚಾ?" ಎಂದರು ಅವರು, ನನ್ನನ್ನೇ ಅನುಮಾನದಿಂದ ನೋಡುತ್ತಾ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಓದಿದ ಪ್ರಕಾರ ಮೊಳಕೆ ಕಡಿಮೆಯಾಗಬೇಕು, ಅಷ್ಟೆ. ಒಂಬತ್ತು ಬಗೆಯ ಕಾಳಿನಲ್ಲಿ ಒಂದೇ ಒಂದೂ ಮೊಳೆಯದಿರುವುದು ಅತಿಯಾಯಿತು ಎಂದು ನನಗೂ ಒಳಗೊಳಗೇ ಅನ್ನಿಸಿತ್ತು. ಆದರೆ ವಾದಕ್ಕಿಳಿದ ಮೇಲೆ ಹಿಂದೆ ಸರಿಯುವ ಪೈಕಿ ನಾನಲ್ಲ. ಹುತ್ತದ ಹತ್ತಿರ ಹೋಗಿ, ಒಂದು ಗಿಡವನ್ನು ಬೇರು ಮಣ್ಣು ಸಮೇತ ಕಿತ್ತು ತಂದು ಅಪ್ಪನ ಮುಂದಿಟ್ಟು ಪಾಠ ಮಾಡಿಬಿಡುತ್ತೇನೆ ಎಂದು ಒಬ್ಬಳೇ ಹೊರಟೆ. ಸುಡುಸುಡು ಬಿಸಿಲು, ಹನ್ನೆರಡು ದಾಟಿತ್ತು.

ಕೊನೆಯ ಬೀದಿ ದಾಟಿದ ಮೇಲೂ ಮಗ್ಗಗಳ ಸದ್ದು ಹಿಂದಿನಿಂದ ಕೇಳುತ್ತಲೇ ಇತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು, ಅದಿದ್ದರೆ ನಮಗೆ ಧೈರ್ಯ. ಎರಡು ಮಳೆ ಬಿದ್ದಿದ್ದರಿಂದ ಗಿಡ ಸೊಂಟದವರೆಗೆ ಬೆಳೆದು ಹೂಬಿಟ್ಟಿತ್ತು. ಕಹಿ ವಾಸನೆ ಗಂಟಲಿಗೇ ಇಳಿಯಿತು. ಒಂದು ಚಿಟ್ಟೆಯಿಲ್ಲ, ಮಿಡತೆಯಿಲ್ಲ. ಹೆಂಗಸರು ಮೂರು ದಿನದ ಹಿಂದೆ ತುಳಿದು ಮಾಡಿದ್ದ ಕಾಲುದಾರಿಯಲ್ಲೇ ಹೋದೆ. ಹುತ್ತದ ಸುತ್ತ ಎರಡು ಮಾರಿನಷ್ಟು ಜಾಗದಲ್ಲಿ ಕಾಂಗ್ರೆಸ್ ಗಿಡವೂ ಇರಲಿಲ್ಲ. ಬೋಳು ನೆಲ, ಒಣಗಿದ ಕುಂಕುಮ. ಇದೇಕೆ ಹೀಗೆ ಎಂದು ಯೋಚಿಸುತ್ತಾ ಅಂಚಿನ ಗಿಡವೊಂದನ್ನು ಕೀಳಲು ಕುಕ್ಕರಗಾಲಿನಲ್ಲಿ ಕೂತೆ.

ಅಷ್ಟರಲ್ಲಿ ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಕರೆಂಟು ಹೋಗಿರಬೇಕು, ಆಗೆಲ್ಲ ಅದು ದಿನಾ ಇದ್ದದ್ದೇ. ಆದರೆ ಆ ನಿಶ್ಶಬ್ದಕ್ಕೆ ನಾನು ಗಿಡ ಬಿಟ್ಟು ಊರಿನ ಕಡೆ ತಿರುಗಿದೆ.

"ಅಕ್ಕಾ."

ಮಂಜುವಿನ ದನಿ. ದೂರದಿಂದ ಕೂಗಿದ್ದಲ್ಲ. ನನ್ನ ಪಕ್ಕದಲ್ಲೇ, ಗಿಡಗಳ ಒಳಗಿನಿಂದ, ಅವಳೂ ನನ್ನಂತೆಯೇ ಕುಕ್ಕರಗಾಲಿನಲ್ಲಿ ಕೂತು ಕರೆದಷ್ಟು ಹತ್ತಿರ.

"ಬೇಡ ಕಣಕ್ಕ."

ಎರಡೂ ಕೈಯಲ್ಲಿ ಗಿಡ ಸರಿಸಿ ನೋಡಿದೆ. ಯಾರೂ ಇಲ್ಲ. ಒಂದು ಕಡ್ಡಿಯೂ ಬಾಗಿರಲಿಲ್ಲ. ನಾನು ಬಂದ ದಾರಿ ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. ಗಾಳಿಯಿಲ್ಲದಿದ್ದರೂ ಆ ಜಾಗದ ಹೂಗಳು ಮಾತ್ರ ಅಲುಗುತ್ತಿದ್ದವು ಎಂದು ಆಗ ಅನ್ನಿಸಿತು. ನಾನೇ ಅಲುಗಿಸಿದ್ದೂ ಇರಬಹುದು. ಎದ್ದು ಓಡಿದೆ. ಮೂವತ್ತು ದಾಟಿದ ಮೇಷ್ಟ್ರಮ್ಮ ಸೀರೆ ಎತ್ತಿಕಟ್ಟಿ ನಡುಬಿಸಿಲಿನಲ್ಲಿ ಓಡಿದಳು. ಊರಿನ ಮೊದಲ ಮನೆ ಸಿಗುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.

ಮಂಜು ಮನೆಯಲ್ಲೇ ಇದ್ದಳು. ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು, ನಂಜಮ್ಮತ್ತೆ ಎದುರಿಗೆ ಕೂತು ಎಲೆಯಡಿಕೆ ಹಾಕುತ್ತಿದ್ದರು. ನಾನು ಹೊರಟಾಗಿನಿಂದ ಅವಳು ಎದ್ದೇ ಇಲ್ಲವಂತೆ. ನಾನು ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ. ಅರಿಶಿನದ ಅಡಿಯಲ್ಲಿ ಮೊಣಕೈವರೆಗೂ ಕೆಂಪು ದದ್ದು. ಕಾಂಗ್ರೆಸ್ ಗಿಡ ಕೀಳುವ ಕೂಲಿಯವರ ಕೈಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದೇ ದದ್ದು. ಬೆಳಿಗ್ಗೆ ಅರಿಶಿನ ಹಚ್ಚುವಾಗ ಆ ಕೈ ನುಣ್ಣಗಿತ್ತು.

"ಎಲ್ಲಿಗೆ ಹೋಗಿದ್ಯೆ?" ಎಂದೆ.

"ಎಲ್ಲೂ ಇಲ್ಲ ಕಣಕ್ಕ. ಅರಿಶಿನ ಹಚ್ಚಿದ್ಮೇಲೆ ಹೊಸ್ಲು ದಾಟಂಗಿಲ್ವಲ್ಲ" ಎಂದಳು. ಕೈ ಬಿಡಿಸಿಕೊಳ್ಳಲಿಲ್ಲ. ಏನೋ ಕೇಳಲಿ ಎಂದು ಕಾಯುವವಳ ಹಾಗೆ ನನ್ನ ಮುಖವನ್ನೇ ನೋಡಿದಳು.

ಹೂವಿನ ಪುಡಿ ಗಾಳಿಯಲ್ಲಿ ಬರುತ್ತದೆ, ಹುತ್ತದ ಮಣ್ಣಿನ ಜೊತೆಯೂ ಮನೆಗೆ ಬಂದಿರಬಹುದು, ಕೆಲವರಿಗೆ ಅರಿಶಿನವೂ ಒಗ್ಗುವುದಿಲ್ಲ. ಇವೆಲ್ಲ ನನಗೆ ಆಗಲೇ ತೋಚಿತು. ಆದರೆ ಆ ದದ್ದು ಏಳಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. ಗಿಡಗಳ ನಡುವೆಯೇ ಕೂತು ಬಂದ ನನ್ನ ಕೈಗೆ ಅವತ್ತೂ ಏನೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ನನಗೆ ಬಂದಿದ್ದ ಹೆದರಿಕೆ ಇದೊಂದರದೇ ಅಲ್ಲ. ಆ ದನಿ ಬೇಡ ಎಂದದ್ದು ಏನನ್ನು ಎಂದು ಅವಳನ್ನೇ ಕೇಳಬಹುದಿತ್ತು. ಕೇಳಿದರೆ ಅವಳು ಹೇಳಿಬಿಟ್ಟಾಳು ಎಂದು ಹೆದರಿದೆ. ಚಪ್ಪರ ಎದ್ದಿತ್ತು, ಅಪ್ಪ ಊಟ ಬಿಟ್ಟು ಕೂತಿದ್ದರು.

ಸಂಜೆ ನಾನು ಮಾಡಿದ್ದು ಇದು. ನನ್ನ ಗಂಡನ ಮನೆಯಲ್ಲಿ ಸಾರಿಗೆಂದು ಹುರುಳಿ, ಹೆಸರುಕಾಳು ಮೊಳಕೆ ಕಟ್ಟಿಟ್ಟಿದ್ದೆ. ಅದನ್ನೂ ಹಿತ್ತಲಿನ ಒಳ್ಳೆಯ ಮಣ್ಣನ್ನೂ ಸೆರಗಿನಡಿ ತಂದೆ. ದೇವರ ಕೋಣೆಯಲ್ಲಿ ಯಾರೂ ಇಲ್ಲದಾಗ ಐದೂ ಕುಡಿಕೆಯ ಮಣ್ಣು ಸುರಿದು, ಹೊಸ ಮಣ್ಣು ತುಂಬಿ, ಮೊಳಕೆಗಳನ್ನು ಒಂದೊಂದಾಗಿ ನೆಟ್ಟೆ. ಬೆಳಗಾಗುವಷ್ಟರಲ್ಲಿ ಕೆಲವು ಮಣ್ಣಿನಿಂದ ತಲೆಯೆತ್ತಿದ್ದವು. ನಂಜಮ್ಮತ್ತೆ "ತಾಯಿ ಕಣ್ಬಿಟ್ಳು" ಎಂದು ಅತ್ತರು. ಒಂಬತ್ತು ಕಾಳು ಬಿತ್ತಿದ ಕಡೆ ಎರಡೇ ಬಗೆ ಬಂದಿದೆಯಲ್ಲ ಎಂದು ಆ ಸಡಗರದಲ್ಲಿ ಯಾರೂ ಕೇಳಲಿಲ್ಲ. ಮಂಜು ಒಬ್ಬಳು ಕುಡಿಕೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು.

ಮದುವೆ ಚೆನ್ನಾಗಿಯೇ ಆಯಿತು. ಮೂರನೆಯ ವರ್ಷ ಮಂಜು ಒಂದು ಬ್ಯಾಗು ಹಿಡಿದು ಒಬ್ಬಳೇ ಬಸ್ಸಿಳಿದು ಬಂದಳು, ಮತ್ತೆ ಹೋಗಲಿಲ್ಲ. ಅಲ್ಲಿ ಏನಾಯಿತು ಎಂದು ಬರೆಯುವ ಹಕ್ಕು ನನಗಿಲ್ಲ, ಅದು ಅವಳದು. ಬಂದವಳು ಎಷ್ಟೋ ತಿಂಗಳು ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಅದಾಗಿ ಬಹಳ ದಿನಗಳ ಮೇಲೆ, ಒಂದು ಮಧ್ಯಾಹ್ನ ಅವಳು ಸೀರೆಗೆ ಕುಚ್ಚು ಕಟ್ಟುತ್ತಾ ಕೂತಿದ್ದಾಗ, ತಡೆಯಲಾರದೆ ಕೇಳಿದೆ. "ನಾನು ಹುತ್ತದ ಹತ್ರ ಹೋಗಿದ್ದ ದಿನ, ನೀನು ನನ್ನ ಏನಾದ್ರೂ ಕರೆದ್ಯಾ ಮಂಜು?"

ಅವಳ ಬೆರಳು ನಿಂತಿತು.

"ಬಾಯ್ಬಿಟ್ಟು ಕರೀಲಿಲ್ಲ ಕಣಕ್ಕ. ಅತ್ತೆ ಎದುರಿಗೇ ಕೂತಿದ್ರಲ್ಲ. ಬೇಡ, ಬೇಡ ಅಂತ ಮನಸ್ನಲ್ಲೇ ನಿನ್ನ ಕರೀತಾ ಇದ್ದೆ. ಕಾಳು ಮೊಳೀಲಿಲ್ಲ ಅಂತ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ." ಸೀರೆ ಕೆಳಗಿಟ್ಟು ಕೇಳಿದಳು, "ಯಾಕೆ, ನಿಂಗೆ ಕೇಳಿಸ್ತಾ?"

ಇಷ್ಟು ವರ್ಷವಾದರೂ ಆ ದನಿ ಗೋಮಾಳದ ಗಿಡಗಳ ನಡುವೆ ಹೇಗೆ ಬಂತು, ಆ ದದ್ದು ಎಲ್ಲಿಂದ ಬಂತು ಎಂದು ನನಗೆ ತಿಳಿದಿಲ್ಲ. ಬಲ್ಲವರನ್ನು ಕೇಳಿದ್ದೇನೆ, ಪುಸ್ತಕ ಓದಿದ್ದೇನೆ. ಗಿಡದ ವಿಷಯ ಎಲ್ಲರೂ ಹೇಳುತ್ತಾರೆ, ಉಳಿದದ್ದು ಯಾರಿಗೂ ಗೊತ್ತಿಲ್ಲ. ಈಗಲೂ ಕರೆಂಟು ಹೋಗಿ ಮಗ್ಗಗಳು ಒಟ್ಟಿಗೆ ನಿಂತರೆ ನಾನು ಬೇಗ ಬೇಗ ಏನಾದರೊಂದು ಮಾತು ತೆಗೆಯುತ್ತೇನೆ.

ಕುಚ್ಚು ಕಟ್ಟುತ್ತಿದ್ದ ಆ ಮಧ್ಯಾಹ್ನ ಮಂಜು ನನ್ನ ಉತ್ತರಕ್ಕೆ ಕಾದಳು. ಮದುವೆಗೆ ಎರಡು ದಿನ ಇದ್ದಾಗ ನೋಡಿದ್ದ ಹಾಗೆಯೇ ನನ್ನ ಮುಖ ನೋಡುತ್ತಿದ್ದಳು.

"ಇಲ್ಲ ಕಣೆ" ಎಂದೆ. "ಸುಮ್ನೆ ಕೇಳ್ದೆ."