ಚಿದ್ರಿಯ ಎಮ್ಮಿಯಾಕಿ

ಹೊರಗೆ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಬಂತು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರಲ್ಲ, ಆ ಬಿಬ್ಬಿಕಾಯಿಯ ಸುಟ್ಟ ಎಣ್ಣೆ, ಅದರ ಜೊತೆ ಜೇನುಮೇಣ, ಅದರ ಹಿಂದೆ ಬೇವಿನ ಕಹಿ. ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಬೆಲ್ಲ ಹಾಕಿ ಆಗಿತ್ತು, ಮನೆ ತುಂಬ ಅದರ ಘಮ. ಅದನ್ನೆಲ್ಲ ಒತ್ತರಿಸಿ ಆ ಮುಲಾಮಿನ ವಾಸನೆ ಅಡುಗೆಮನೆಯವರೆಗೆ ಬಂತು. ನಾನು ಸೌಟು ಹಿಡಿದಲ್ಲೇ ನಿಂತೆ…

ಅಂದು ನಮ್ಮ ಮನೆಯಲ್ಲಿ ಹಬ್ಬ. ನನ್ನ ಮೊಮ್ಮಗಳಿಗೆ ಎದೆಯ ಕ್ಯಾನ್ಸರ್ ಆಗಿ, ಹೈದರಾಬಾದಿನಲ್ಲಿ ಆಪರೇಷನ್ ಆಗಿ, ಕೂದಲೆಲ್ಲ ಉದುರಿ ಮತ್ತೆ ಬಂದು, ವರ್ಷ ವರ್ಷ ತಪಾಸಣೆಗೆ ಹೋಗಿ, ಕೊನೆಗೆ ಡಾಕ್ಟರು ಇನ್ನು ನೀನು ಎಲ್ಲರ ಹಾಗೆಯೇ ಇರಮ್ಮ ಎಂದು ಕಳಿಸಿದ್ದರು. ನಾನು ಕಂಡವರನ್ನೆಲ್ಲ ಕರೆದು ಹೇಳಿದೆ. ಹಾಲಿನವನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಎರಡನೇ ಇಯತ್ತೆಗೆ ಸಾಲೆ ಬಿಟ್ಟ ನಾನು ಹಾಳೆ ಹಿಡಿದು ಕೂತದ್ದೂ ಆ ಖುಷಿ ಒಳಗೆ ಹಿಡಿಸದೆ. ಆದರೆ ಖುಷಿ ಬರೆಯಲು ಹೋದರೆ ಕೈಗೆ ಬರುವವಳು ಕಾಕಿ.

ಆಗ ನಾನು ಬೀದರಿನ ಚಿದ್ರಿಗೆ, ಗಂಡನ ಮನೆಗೆ, ಹೊಸದಾಗಿ ನಡೆಯಲು ಬಂದ ಸೊಸೆ. ಇನ್ನೂ ನಿಜಾಮರ ರಾಜ್ಯ. ನಮ್ಮ ಗೋಡೆಗೆ ಹತ್ತಿದ ಮನೆ ಕಾಕಿಯದು. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವಳು ಕಾಕಿ, ಅವಳ ಗಂಡ ಕಾಕಾ. ಮಕ್ಕಳಿರಲಿಲ್ಲ. ಎಮ್ಮೆ ಕಟ್ಟಿ, ಮನೆ ಮನೆಗೆ ಹಾಲು ಹಾಕಿ ಬದುಕುತ್ತಿದ್ದರು.

ಎಮ್ಮೆ ವ್ಯಾಪಾರದಲ್ಲಿ ಕಾಕಿಗೆ ಮೋಸ ಮಾಡಿದವರಿಲ್ಲ. ಸಂತೆಗೆ ತರುವವರು ಒಂದು ಹೊತ್ತು ಹಿಂಡದೆ ಬಿಟ್ಟು, ಕೆಚ್ಚಲು ಬಿಗಿಯಾಗಿಸಿ ತರುತ್ತಾರೆ. ನೋಡಿದವರು ಬೆರಗಾಗಿ ಕೊಳ್ಳುತ್ತಾರೆ. ಕಾಕಿ ಮಾರುವವನ ಊರಿಗೇ ಹೋಗಿ, ಪರಿಚಯದವರಲ್ಲಿ ಉಳಿದು, ಸಂಜೆ ತಾನೇ ಹಿಂಡಿ, ಬೆಳಿಗ್ಗೆ ಮತ್ತೊಮ್ಮೆ ಹಿಂಡಿದ ಮೇಲೆಯೇ ಮಾತಿಗೆ ಕೂಡುತ್ತಿದ್ದಳು. ಎಮ್ಮೆಯ ಗುಣವನ್ನು ಮಾರುವವನಿಗೆ ಕೇಳದೆ ಅವನ ಪಕ್ಕದ ಮನೆಯವರಿಗೆ ಕೇಳುತ್ತಿದ್ದಳು. ನನಗೂ ಹಿಂಡುವುದು ಕಲಿಸಿದಳು. ಒಮ್ಮೆ ಕೊಟ್ಟಿಗೆಯಲ್ಲಿ ಕೂತಾಗ ಹೇಳಿದ್ದಳು:

“ಮೊದಲ್ನೇ ಹೊತ್ತಿನ ಹಾಲು ಮಾರಾಂವಂದು, ತಂಗಿ. ಎರಡ್ನೇ ಹೊತ್ತಿಂದು ಎಮ್ಮಿದು.”

ಅಂಥ ಕಾಕಿಯ ಎದೆಯಲ್ಲಿ ಗಂಟು ಕಾಣಿಸಿತು. ಮೊದಲು ಕಡಲೆಕಾಳಿನಷ್ಟು, ಆಮೇಲೆ ಅಡಿಕೆಯಷ್ಟು. ಕ್ಯಾನ್ಸರ್ ಎಂಬ ಮಾತು ಆಗ ನಮ್ಮ ಓಣಿಗೆ ಬಂದಿರಲಿಲ್ಲ. ಊರಿನ ಡಾಕ್ಟರು ನೋಡಿ, ಹೈದರಾಬಾದಿಗೆ ಹೋಗಿ ಕೊಯ್ಸಿಕೊಂಡು ಬಾ, ತಡ ಮಾಡಬೇಡ ಎಂದರಂತೆ. ಆದರೆ ಅದು ಪೋಲೀಸ್ ಆ್ಯಕ್ಷನ್ ಆದ ವರ್ಷ. ಊರು ಬಿಟ್ಟು ಹೋದವರು ತಿರುಗಿ ಬರುವ ಭರವಸೆಯಿಲ್ಲ. ಮೊದಲು ಹಳ್ಳಿಗಳಿಂದ ಒಂದಿಷ್ಟು ಜನ ಹೆದರಿ ಗಂಟು ಕಟ್ಟಿಕೊಂಡು ಬಂದರು. ಮಿಲಿಟರಿ ಬಂದ ಮೇಲೆ ಇನ್ನೊಂದಿಷ್ಟು ಜನ ಹೆದರಿ ಮನೆ ಬಿಟ್ಟು ಹೋದರು. ಕಾಕಿ ಹಾಲು ಹಾಕುವ ಎಷ್ಟೋ ಮನೆಗಳ ಬಾಗಿಲು ಮುಚ್ಚಿಯೇ ಇದ್ದವು… ಕೆಲವು ಮತ್ತೆ ತೆರೆಯಲೇ ಇಲ್ಲ. ಅಂಥದ್ದರಲ್ಲಿ ಹೈದರಾಬಾದಿನ ಮಾತು ಯಾರು ಆಡಬೇಕು.

ಭಾಲ್ಕಿ ಕಡೆಯ ಹಳ್ಳಿಯೊಂದರಲ್ಲಿ ಮುಲಾಮು ಕೊಡುವ ಮುದುಕರೊಬ್ಬರಿದ್ದರು, ಎಲ್ಲರೂ ಮುತ್ಯಾ ಎನ್ನುತ್ತಿದ್ದರು. ಕೆಟ್ಟವರಲ್ಲ. ತೆಂಗಿನಕಾಯಿ ಇಟ್ಟರೆ ಸಾಕು, ಬೇರೇನೂ ಕೇಳುತ್ತಿರಲಿಲ್ಲ. ಕೊಡುವುದನ್ನು ಅವರೂ ನಂಬಿದ್ದರು. ಕೊಯ್ಯುವುದೇ ಬೇಡ, ಬೇರು ಸಮೇತ ಬೀಳುತ್ತದೆ ಎಂದರು. ಕಾಕಿ ಹಚ್ಚಿಕೊಂಡಳು. ಬಿಬ್ಬಿಯ ಉರಿ ಕಂಡವರಿಗೇ ಗೊತ್ತು. ಸೆರಗಿನ ಚುಂಗು ಹಲ್ಲಲ್ಲಿ ಕಚ್ಚಿಕೊಂಡು ಎಮ್ಮೆಗಳ ನಡುವೆ ಕೂತಿರುತ್ತಿದ್ದಳು. ಚರ್ಮ ಕಪ್ಪಾಗಿ ಹಕ್ಕಳೆಗಟ್ಟಿತು. ಒಂದು ಬೆಳಿಗ್ಗೆ ಆ ಕರಿ ಹಕ್ಕಳೆಯ ಜೊತೆ ಮಾಂಸದ ತುಂಡೊಂದು ಕಳಚಿ ಬಿತ್ತು. ಅದರ ಬುಡದಲ್ಲಿ ಎಳೆ ಎಳೆ. ಬೇರು ಬಿತ್ತು ಎಂದರು ಎಲ್ಲರೂ. ನಾನೂ ನೋಡಿದೆ, ಬೇರಿನ ಹಾಗೆಯೇ ಇತ್ತು. ಮೊಮ್ಮಗಳ ಡಾಕ್ಟರಿಗೆ ಈಚೆಗೆ ಇದನ್ನು ಹೇಳಿದಾಗ ಅವರು, ಅದು ಸುಟ್ಟ ಮಾಂಸ ಅಜ್ಜಿ, ಒಳ್ಳೆಯ ಚರ್ಮಕ್ಕೆ ಹಚ್ಚಿದರೂ ಆ ಮುಲಾಮು ಹಾಗೇ ಮಾಡುತ್ತದೆ, ಒಳಗಿನ ರೋಗ ಒಳಗೇ ಇರುತ್ತದೆ ಎಂದರು. ನಮಗೆ ಆಗ ಯಾರು ಹೇಳಬೇಕು?

ಆ ದಿನ ಕಾಕಿ ದೊಡ್ಡ ಪಾತ್ರೆ ತುಂಬ ಹುಗ್ಗಿ ಮಾಡಿದಳು. ಓಣಿಗೆಲ್ಲ ಹಂಚಿದಳು, ಹಾಲಿನ ಮನೆಗಳಿಗೆಲ್ಲ ಹೇಳಿದಳು. ಕಾಕಾ ಎಂದೂ ನಗದವರು, ಅಂದು ನಕ್ಕರು.

ಮುಂದಿನ ಸುಗ್ಗಿಯ ಹೊತ್ತಿಗೆ ಕಂಕುಳಲ್ಲಿ ಗಂಟು ಬಂತು. ತೋಳು ಬಾತು, ಹಿಂಡಲು ಬಾರದಾಯಿತು. ನನ್ನ ಕೈಗೆ ಎಮ್ಮೆ ಹಾಲು ಬಿಡಲಿಲ್ಲ. ಕಾಕಿ ತಾನು ಉಟ್ಟು ಬಿಟ್ಟ ಸೀರೆ ನನಗೆ ಸುತ್ತಿದಳು, ಆ ವಾಸನೆಗೆ ಎಮ್ಮೆ ಸುಮ್ಮನೆ ನಿಂತಿತು. ಮುತ್ಯಾ, ಇನ್ನೊಂದು ಸಲ ಹಚ್ಚು, ಔರಾದಿನಲ್ಲಿ ಒಬ್ಬಳು ಹೀಗೇ ಆಗಿ ಪೂರ್ತಿ ಉಳಿದಿದ್ದಾಳೆ ಎಂದರು. ಕಾಕಿ ತೆಂಗಿನಕಾಯಿ ಇಟ್ಟು ಎದ್ದಳು. ಮನೆಗೆ ಬಂದ ಮೇಲೆ, ಎಮ್ಮೆ ಕೊಳ್ಳುವಾಗ ಇದ್ದ ಬುದ್ಧಿ ಎಲ್ಲಿಗೆ ಹೋಗಿತ್ತೋ ಎಂದಳು. ಔರಾದಿನವಳನ್ನು ಕಣ್ಣಾರೆ ನೋಡಬೇಕು, ಅವಳು ಉಳಿದದ್ದು ಖರೆಯಾದರೆ ಮತ್ತೆ ಹಚ್ಚುತ್ತೇನೆ, ಇಲ್ಲದಿದ್ದರೆ ಹೈದರಾಬಾದು ಎಂದು ಹೊರಟಳು. ಆಗ ಬಸ್ಸುಗಳು ಮತ್ತೆ ಓಡುತ್ತಿದ್ದವು. ಕಾಕಾ ಎಮ್ಮೆಗಳ ಹತ್ತಿರ ಉಳಿದರು. ಅತ್ತೆಯವರನ್ನು ಕೇಳಿ ನಾನು ಜೊತೆಗೆ ಹೋದೆ.

ಔರಾದಿನ ಮನೆ ಸಿಕ್ಕಿತು, ಆ ಹೆಂಗಸು ಇರಲಿಲ್ಲ. ತೀರಿಕೊಂಡು ಬಹಳ ದಿನವಾಗಿತ್ತು. ಅವಳ ನೆಗೆಣ್ಣಿ, ಮೈದುನನ ಹೆಂಡತಿ, ನಮಗೆ ಚಹಾ ಕೊಟ್ಟು, ಔಷಧದ ತಪ್ಪಿಲ್ಲ, ಅವಳೇ ಪಥ್ಯ ಮುರಿದು ಬದನೆಕಾಯಿ ತಿಂದಳು ಎಂದಳು. ಭಾಲ್ಕಿ ಸ್ಟೇಶನ್ ಹತ್ತಿರ ಒಬ್ಬಳು ಇದ್ದಾಳೆ, ಅವಳಿಗೆ ಗುಣವಾಗಿದೆ ಎಂದಳು. ಹೊರಗೆ ಬಂದು ಕಾಕಿ ಚಪ್ಪಲಿ ಮೆಟ್ಟುತ್ತ ಅಂದಳು:

“ಬದನಿಕಾಯಿ ತಿಂದು ಸಾಯೂದಿದ್ರ ನಮ್ಮ ಓಣ್ಯಾಗ ಒಬ್ಬರೂ ಉಳೀತಿದ್ದಿಲ್ಲ ಬಿಡು.”

ಮುಂದಿನ ವಾರ ರೈಲಿನಲ್ಲಿ ಭಾಲ್ಕಿಗೆ ಹೋದೆವು. ಅಲ್ಲಿದ್ದವಳು ನನ್ನ ವಾರಿಗೆಯವಳು, ಹಣೆ ತುಂಬ ವಿಭೂತಿ. ಎದೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಒಳಗೆ ಹೆಜ್ಜೆ ಇಡುತ್ತಲೇ ನನಗೆ ಆ ವಾಸನೆ ಬಡಿಯಿತು. ನಿನಗೆ ಗುಣವಾಗಿದೆಯಂತಲ್ಲ ಎಂದು ಕಾಕಿ ಕೇಳಿದಳು.

“ನಾನು ಈಗ ಹಚ್ಲತೀನ್ರಿ. ಗುಣ ಆದಾಕಿ ಬೀದರಾಗ ಇದ್ದಾಳಂತ. ಚಿದ್ರಿ ಎಮ್ಮಿಯಾಕಿ. ಬೇರು ಬಿದ್ದ ದಿನ ಓಣಿಗೆಲ್ಲ ಹುಗ್ಗಿ ಹಂಚಿದಳಂತ. ಆಕೀದು ಕೇಳೇ ನಾ ಧೈರ್ಯ ಮಾಡೀನಿ.”

ಹೊರಗೆ ಶೆಂಗಾ ಮಾರುವವನು ಕೂಗುತ್ತ ಹೋದದ್ದು ಇನ್ನೂ ನನ್ನ ಕಿವಿಯಲ್ಲಿದೆ… ಕಾಕಿ ನೀರು ಕೇಳಿ ಕುಡಿದಳು. ಎದ್ದು ಬಾಗಿಲು ಮುಂದೆ ಮಾಡಿ ಬಂದು, ಸೆರಗು ಸರಿಸಿದಳು.

“ಆ ಎಮ್ಮಿಯಾಕಿ ನಾನೇ, ತಂಗಿ. ಚಂದಂಗ ನೋಡು.”

ಆ ಹುಡುಗಿ ನೋಡಿದಳು. ನಾನು ಅವಳ ಮುಖ ನೋಡಲಾರದೆ ನೆಲ ನೋಡಿದೆ. ಕಾಕಿ ಅವಳ ಪಕ್ಕದಲ್ಲೇ ಕೂತು, ನಿನ್ನದು ಇನ್ನೂ ಸಣ್ಣದಿದೆ, ಇಂದೇ ಮುಲಾಮು ತೊಳೆದು ಹಾಕು, ಗಂಡನನ್ನು ಕರೆದುಕೊಂಡು ಹೈದರಾಬಾದಿಗೆ ಹೋಗು ಎಂದು ಬಹಳ ಹೊತ್ತು ಹೇಳಿದಳು. ಅವಳು ಹೋದಳೋ, ಮನೆಯವರು ಬಿಟ್ಟರೋ… ನನಗೆ ಎಂದೂ ತಿಳಿಯಲಿಲ್ಲ. ಆಮೇಲೆ ಆ ಸ್ಟೇಶನ್ ದಾಟುವಾಗಲೆಲ್ಲ ಕಿಟಕಿಯಲ್ಲಿ ಹಣಿಕಿ ನೋಡಿದ್ದೇನೆ.

ತಿರುಗಿ ಬರುವಾಗ ರೈಲಿನಲ್ಲಿ ಕಾಕಿ ನಕ್ಕಳು. “ಎಲ್ಲಾ ಕಡಿ ಹುಡುಕಿ ಹುಡುಕಿ ನಮ್ಮ ಮನಿ ವಿಳಾಸಾನೇ ಇಸ್ಕೊಂಡು ಬಂದೆ ನೋಡು.” ನನಗೂ ನಗು ಬಂತು. ನಗುತ್ತ ನಗುತ್ತ ಅವಳ ಬಾತ ಕೈ ಹಿಡಿದುಕೊಂಡೆ. ಬಿಸಿಯಾಗಿತ್ತು.

ಕಾಕಾ, ಕಾಕಿ ಹೈದರಾಬಾದಿಗೂ ಹೋಗಿ ಬಂದರು. ಅಲ್ಲಿಯ ಡಾಕ್ಟರಮ್ಮ ಕಾಕಾನನ್ನು ಬದಿಗೆ ಕರೆದು, ಮೊದಲೇ ತರಬೇಕಿತ್ತು, ಈಗ ಕೊಯ್ದು ಉಪಯೋಗವಿಲ್ಲ ಎಂದು ಉರ್ದುವಿನಲ್ಲಿ ಹೇಳಿದಳಂತೆ. ಕಾಕಾಗೆ ಉರ್ದು ಅಷ್ಟಕ್ಕಷ್ಟೇ. ಅಷ್ಟು ವರ್ಷ ಹಾಲಿನ ಮನೆಗಳಲ್ಲಿ ಮಾತಾಡಿದ ಕಾಕಿಗೆ ನೀರು ಕುಡಿದಷ್ಟು ಸರಳ. ಗಂಡನಿಗೆ ತಿಳಿಯದ್ದನ್ನು ಬೆಂಚಿನ ಮೇಲೆ ಕೂತು ಕೇಳಿಸಿಕೊಂಡ ಅವಳೇ ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಬೇಕಾಯಿತು.

ಆಮೇಲಿನ ದಿನಗಳಲ್ಲಿ ಅವಳು ಒಳಗೆ ಮಲಗಲಿಲ್ಲ. ಕಟ್ಟೆಯ ಮೇಲೆ ಹಾಸಿಗೆ ಹಾಕಿಸಿಕೊಂಡಳು. ಎಮ್ಮಿಯಾಕಿಯ ಕಥೆ ಕೇಳಿ ಎಲ್ಲೆಲ್ಲಿಂದಲೋ ಹೆಂಗಸರು ಬರುತ್ತಿದ್ದರು. ಬಂದವರನ್ನು ಒಳಗೆ ಕರೆದು ತೋರಿಸುತ್ತಿದ್ದಳು. ಕೆಲವರು ನಂಬದೆ, ನೀನೂ ಏನೋ ಪಥ್ಯ ಮುರಿದಿರಬೇಕು ಎಂದು ಹೇಳಿ ಹೋದರು. ಅದೇ ಅವಳಿಗೆ ಹುಣ್ಣಿಗಿಂತ ಹೆಚ್ಚು ನೋಯುತ್ತಿತ್ತು.

“ನಾ ಹೋದ ಮ್ಯಾಲ ಯಾರರೆ ಕೇಳಿದರ, ಎಮ್ಮಿಯಾಕಿ ಉಳೀಲಿಲ್ಲ ಅಂತ ಹೇಳು. ನನ್ನ ಹೆಸರಲೆ ಯಾರೂ ಅದನ್ನ ಹಚ್ಚಬಾರದು,” ಎಂದಳು. ಹೂಂ ಎಂದೆ.

ಕಾಕಿ ಹೋದ ಮೇಲೂ ಅವಳ ಸೀರೆ ಸುತ್ತಿಕೊಂಡೇ ಎಮ್ಮೆ ಹಿಂಡಿದೆ. ಒಗೆಯಲು ಮನಸ್ಸಾಗಲಿಲ್ಲ. ಆದರೂ ದಿನ ಕಳೆದಂತೆ ಅದರಲ್ಲಿ ನನ್ನ ವಾಸನೆಯೇ ತುಂಬಿತು. ಒಂದು ಬೆಳಿಗ್ಗೆ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು…

ಡಬ್ಬಿ ತಂದವರು ನಮ್ಮ ಬೀಗಿತಿ. ರೋಗ ಮತ್ತೆಂದೂ ಬಾರದಿರಲಿ, ಮೊಮ್ಮಗಳು ಸವರಿಕೊಳ್ಳಲಿ ಎಂದು ಪ್ರೀತಿಯಿಂದಲೇ ತಂದಿದ್ದರು. ನಾನು ಸೌಟು ಹಿಡಿದು ಹೊರಗೆ ಬಂದೆ. ಯಾರಿಗೆ ಗುಣವಾಗಿದೆ ಎಂದು ಕೇಳಿದೆ.

“ಹಿಂದ ನಿಮ್ಮ ಚಿದ್ರ್ಯಾಗೇ ಒಬ್ಬಾಕಿ ಉಳಿದಾಳಂತ, ಎಮ್ಮಿಯಾಕಿ. ಮಕ್ಕಳು ಮೊಮ್ಮಕ್ಕಳನ್ನ ಆಡಿಸಿ, ತಲಿ ಬೆಳ್ಳಗಾದ ಮ್ಯಾಲ ಹ್ವಾದಳಂತ.”

ಆ ಮಾತಿನಲ್ಲಿ ಕಾಕಿಗೆ ಮಕ್ಕಳಿದ್ದರು. ಬೆಳ್ಳಗಿನ ತಲೆಯಿತ್ತು. ಕಟ್ಟೆಯ ಮೇಲೆ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಬಿಸಿಲು ಕಾಯುತ್ತಿದ್ದಳು. ನಾನು ಅವಳನ್ನು ಹಾಗೇ ಕಂಡೆ, ಒಂದು ಗಳಿಗೆ ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಇರಲಿ, ಎಲ್ಲೋ ಒಂದು ಕಡೆ ಅವಳು ಬದುಕಿರಲಿ ಅನ್ನಿಸಿತು. ಮೊಮ್ಮಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಆಕಿ ಉಳೀಲಿಲ್ರಿ, ಬೀಗಿತಿ. ಆಕಿಗೆ ಕಡಿಗೆ ಸೀರಿ ಉಡಿಸಿದಾಕಿ ನಾನೇ,” ಎಂದೆ.

ಬೀಗಿತಿ ಡಬ್ಬಿ ಮುಚ್ಚಿದರು. ಹುಗ್ಗಿ ಅಡಿ ಹತ್ತಿತ್ತು. ಮೇಲಿನದನ್ನು ತೆಗೆದು ಎಲ್ಲರಿಗೂ ಬಡಿಸುತ್ತ ಕಾಕಿಯ ಕಥೆ ಪೂರ್ತಿ ಹೇಳಿದೆ. ಪ್ರತಿ ತಪಾಸಣೆ ಆದಾಗಲೂ ಮಗ ಹುಗ್ಗಿ ಮಾಡೋಣ ಎನ್ನುತ್ತಿದ್ದ, ನಾನು ಇನ್ನೂ ಬೇಡ ಎನ್ನುತ್ತಿದ್ದೆ. ಯಾಕೆಂದು ಅವನಿಗೆ ಅಂದು ತಿಳಿಯಿತು. ಮೊಮ್ಮಗಳು ಎರಡು ಸಲ ಹಾಕಿಸಿಕೊಂಡಳು, ಅವಳು ಉಣ್ಣುವುದನ್ನು ನೋಡುತ್ತ ನನ್ನ ಹೊಟ್ಟೆ ತುಂಬಿತು.

ಊಟವಾದ ಮೇಲೆ ಅವಳು ಕಾಕಿಯ ಮನೆ ತೋರಿಸು ಎಂದಳು. ಈಗ ಆ ಮನೆ ಇಲ್ಲ. ಫೋಟೋ ತೆಗೆಸಿದವಳಲ್ಲ, ಮಕ್ಕಳಿಲ್ಲ, ಓಣಿಯಲ್ಲಿ ಅವಳನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಲೋಕದಲ್ಲಿ ಅವಳದೆಂದು ಉಳಿದದ್ದು, ಗುಣವಾಗಿ ಬಾಳಿದಳೆಂಬ ಆ ಒಂದು ಸುಳ್ಳು. ಅದನ್ನೂ ನಾನೇ ಅಳಿಸುತ್ತ ಹೋಗಬೇಕು. ಕಾಕಿಗೆ ಹೂಂ ಎಂದಿದ್ದೇನಲ್ಲ…