ಸೈರನ್ ಕೂಗಿದ ದಿನದ ತಂಬೋಲಾ

ನಮ್ಮ ಕಾಲೋನಿಯಲ್ಲಿ ತಂಬೋಲಾ ನಂಬರ್ ಕೂಗುವವಳು ನಾನು. ಎಷ್ಟೋ ವರ್ಷದಿಂದ ನಾನೇ. ನಡುವೆ ಒಂದೆರಡು ಸಲ ಬೇರೆಯವರಿಗೂ ಕೊಟ್ಟು ನೋಡಿದೆವು. ಒಬ್ಬಾಕೆ ಪೂಜೆಯ ಕಥೆ ಓದಿದ ಹಾಗೆ ಓದಿದಳು, ಕೇಳುವವರಿಗೆ ತೂಕಡಿಕೆ ಬಂತು. ಇನ್ನೊಬ್ಬಾಕೆ ತನ್ನ ಗೆಳತಿಯ ಚೀಟಿಯ ನಂಬರ್ ಬಂದಾಗ ಮಾತ್ರ ದನಿ ಏರಿಸುತ್ತಿದ್ದಳು. ಹೀಗಾಗಿ ನಂಬರ್ ಬಿಲ್ಲೆಗಳ ಚೀಲ ತಿರುಗಿ ನನ್ನ ಕೈಗೇ ಬಂತು. ನನಗೆ ಗಂಟಲಿದೆ, ಸಿಟ್ಟಿದೆ, ಮುಲಾಜಿಲ್ಲ. ಈ ಕೆಲಸಕ್ಕೆ ಅಷ್ಟು ಸಾಕು.

ಯಾವ ಕಾಲೋನಿ ಎಂದು ಮಾತ್ರ ಕೇಳಬೇಡಿ. ಸೇಡಂನಿಂದ ವಾಡಿ, ವಾಡಿಯಿಂದ ಶಹಾಬಾದ, ನಮ್ಮ ಕಡೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳಿಗೇನು ಬರವೇ? ಅಂಥದೊಂದು ಚಿಮಣಿಯ ಕೆಳಗಿನ ಕ್ವಾರ್ಟರ್ಸ್ ನಮ್ಮದು. ಬೆಳಿಗ್ಗೆ ಒರೆಸಿದ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಧೂಳು. ಗಂಡಸರು ಮೂರು ಪಾಳಿಯಲ್ಲಿ ದುಡಿಯುತ್ತಾರೆ. ನಾವು ಹೆಂಗಸರು ಭಾನುವಾರ ನಾಲ್ಕು ಗಂಟೆಗೆ ಸಮುದಾಯ ಭವನದಲ್ಲಿ ಕೂಡುತ್ತೇವೆ.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಬ್ಬೊಬ್ಬರಿಗೆ ಒಂದು ಚೀಟಿ. ಅದರಲ್ಲಿ ಮೂರು ಸಾಲು, ಸಾಲಿಗೆ ಐದು ನಂಬರ್. ನಾನು ಚೀಲದಿಂದ ಒಂದೊಂದೇ ಬಿಲ್ಲೆ ತೆಗೆದು ಕೂಗುತ್ತೇನೆ, ಇದ್ದವರು ಗೀಟು ಹೊಡೆದುಕೊಳ್ಳುತ್ತಾರೆ. ಮೊದಲು ಐದು ಹೊಡೆದವಳಿಗೆ ಒಂದು ಡಬ್ಬಿ, ಒಂದು ಸಾಲು ಮುಗಿಸಿದವಳಿಗೆ ಅಡುಗೆಯ ಒಂದು ಪಾತೇಲಿ. ಹದಿನೈದೂ ಹೊಡೆದವಳು ಎದ್ದು ನಿಂತು 'ಹೌಸ್!' ಎಂದು ಒದರಬೇಕು, ಆಕೆಗೆ ದೊಡ್ಡ ಬಹುಮಾನ. ನಂಬರ್ ಬಾರದೆ ಒದರಿದರೆ ಅದು ಬೋಗಿ, ಚೀಟಿ ಹರಿದು ಹಾಕುತ್ತೇವೆ. ಅತ್ತೆಯದಾದರೂ ಸರಿ, ಅಧಿಕಾರಿಯ ಹೆಂಡತಿಯದಾದರೂ ಸರಿ.

ಬರೀ ನಂಬರ್ ಕೂಗಿದರೆ ರುಚಿಯಿಲ್ಲ. ನಂಬರಿಗೊಂದು ಮಾತು ಇರಬೇಕು. ಪೇಟೆಯವರು ಇಂಗ್ಲಿಷಿನಲ್ಲಿ ಏನೇನೋ ಅನ್ನುತ್ತಾರಂತೆ. ನಮ್ಮವು ನಾವೇ ಕಟ್ಟಿಕೊಂಡವು. ಹನ್ನೊಂದು ಬಂದರೆ "ಜೋಡಿ ಚಿಮಣಿ, ಹೊಗಿ ನೋಡ್ರಿ, ಹನ್ನೊಂದು!" ಐವತ್ತಕ್ಕೆ "ಸಿಮೆಂಟ್ ಚೀಲ, ಟೊಂಕ ಜ್ವಾಕಿ!" ನಲವತ್ತೈದಕ್ಕೆ "ಮೇ ತಿಂಗಳ ಬಿಸಲು, ತಲಿ ಮುಚ್ಕೋರಿ." ಎಂಬತ್ತೆಂಟು ಬಂದರೆ "ಇಬ್ಬರು ಬೀಗತೇರು, ಜಾಗಾ ಬಿಡ್ರಿ" ಅನ್ನುತ್ತೇನೆ, ದಪ್ಪಗಿದ್ದವರು ನನ್ನನ್ನು ಗುರಾಯಿಸುತ್ತಾರೆ. ಅರವತ್ತಕ್ಕೆ "ನೌಕರಿ ಖತಂ, ಕ್ವಾರ್ಟರ್ಸ್ ಖಾಲಿ ಮಾಡ್ರಿ." ಇದಕ್ಕೆ ಮಾತ್ರ ಈಚೆಗೆ ಯಾರೂ ನಗುವುದಿಲ್ಲ.

ಇಷ್ಟು ಬಾಯಿ ಇರುವವಳಿಗೆ ಅಂಜಿಕೆ ಎಲ್ಲಿಯದು ಎನ್ನುತ್ತೀರಿ. ನಿಜ ಹೇಳುತ್ತೇನೆ, ಮದುವೆಯಾಗಿ ಈ ಕಾಲೋನಿಗೆ ಬಂದ ದಿನದಿಂದ ನಾನು ಅಂಜಿಕೊಂಡೇ ಬದುಕಿದ್ದೇನೆ. ಗಂಡ ಡಬ್ಬಿ ಹಿಡಿದು ಹೊರಟರೆ ತಿರುಗಿ ಬರುವತನಕ ನೂರು ಸಲ ಬಾಗಿಲಿಗೆ ಬಂದು ರಸ್ತೆ ನೋಡುತ್ತೇನೆ. ಪಾಳಿ ಬದಲಿಸುವ ಸೈರನ್ ಒಂದೇ ಉಸಿರಿನಲ್ಲಿ ಉದ್ದಕ್ಕೆ ಕೂಗುತ್ತದೆ, ಅದಕ್ಕೆ ಯಾರೂ ತಲೆ ಎತ್ತುವುದಿಲ್ಲ. ಇನ್ನೊಂದಿದೆ. ತಡೆತಡೆದು ಕೂಗುತ್ತದೆ. ಅದು ಕೂಗಿದರೆ ಒಳಗೆ ಏನೋ ಆಗಿದೆ ಎಂದು ಅರ್ಥ.

ಒಮ್ಮೆ ಹಾಗೆ ಕೂಗಿದಾಗ ಹೆಂಗಸರೆಲ್ಲ ಗೇಟಿಗೆ ಓಡಿದ್ದೆವು, ನಾನಂತೂ ಬರಿಗಾಲಲ್ಲಿ. ನಮ್ಮ ಗದ್ದಲದಲ್ಲಿ ಆಂಬುಲೆನ್ಸ್ ಹೊರಗೆ ಬರಲಾಗದೆ ನಿಂತುಬಿಟ್ಟಿತು. ಪುಣ್ಯಕ್ಕೆ ಒಳಗಿದ್ದವನು ಬದುಕಿದ, ಆದರೆ ನಮಗೆ ತಲೆ ಎತ್ತಲಾಗಲಿಲ್ಲ. ಅಂದಿನಿಂದ ಕಾಲೋನಿಯಲ್ಲಿ ಒಂದು ಕಟ್ಟಳೆ. ಸೈರನ್ ಆದರೆ ಯಾರೂ ಗೇಟಿಗೆ ಹೋಗಬಾರದು. ಒಳಗಿನ ಗಂಡಸರು ಒಂದೆಡೆ ಸೇರಿ ಹಾಜರಿ ಕೊಟ್ಟ ಕೂಡಲೇ ಮನೆಗೊಂದು ಮಿಸ್ ಕಾಲ್ ಕೊಡಬೇಕು. ಮಾತಿಗೆ ನಿಂತರೆ ಲೈನ್ ತುಂಬಿಹೋಗುತ್ತದೆ, ಅದಕ್ಕೇ ಒಂದೇ ರಿಂಗು. ರಿಂಗ್ ಬಂದರೆ ನಿಮ್ಮವನು ಆರಾಮ. ಮತ್ತು ರಿಂಗ್ ಬಂದವಳು ಉಳಿದವರ ರಿಂಗ್ ಬರುವತನಕ ಅವರನ್ನು ಬಿಟ್ಟು ಮನೆಗೆ ಹೋಗಬಾರದು.

ಆ ಭಾನುವಾರ ಭವನದಲ್ಲಿ ಇಪ್ಪತ್ತೈದು ಮೂವತ್ತು ಮಂದಿ ಇದ್ದೆವು. ಆಟದ ನಡುವೆ ಹರಟೆ ಬೇಡವೆಂದು ಎಲ್ಲರ ಫೋನುಗಳನ್ನೂ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಸುವುದು ನನ್ನ ಪದ್ಧತಿ, ನನ್ನ ಫೋನೂ ಅದರಲ್ಲೇ. ಮೊದಲ ಸಾಲಿನಲ್ಲಿ ನಮ್ಮ ಎದುರು ಕ್ವಾರ್ಟರ್ಸಿನ ಹುಡುಗಿ ಕೂತಿದ್ದಳು. ಆಡಕಿ ಊರಿನವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಆಕೆಯ ಗಂಡನೂ ನನ್ನ ಗಂಡನೂ ಒಂದೇ ಸೆಕ್ಷನ್, ಆ ದಿನ ಒಂದೇ ಪಾಳಿ. ಮಧ್ಯಾಹ್ನ ಇಬ್ಬರೂ ಒಂದೇ ಗಾಡಿಯ ಮೇಲೆ ಹೋಗಿದ್ದರು.

ಹುಡುಗಿಗೆ ಇನ್ನು ಮೂರೇ ನಂಬರ್ ಬೇಕಿತ್ತು. "ಅಕ್ಕಾ, ಛಲೋ ಕೈ ಹಾಕ್ರಿ, ಚೀಲ ಅಲ್ಲಾಡಿಸಿ ತಗೀರಿ" ಎಂದು ನನ್ನನ್ನು ಕಾಡುತ್ತಿದ್ದಳು. "ನಿನ್ನ ಸಲುವಾಗಿ ಬಿಲ್ಲಿಗಿ ಕಾಗದ ಬರದು ಕರೀಬೇಕೇನ, ಸುಮ್ನ ಕುಂದ್ರು" ಎಂದು ಬೈದೆ. ಎಲ್ಲರೂ ನಕ್ಕರು. ಆಗಲೇ ಸೈರನ್ ಕೂಗಿತು.

ಪಾಳಿಯ ಹೊತ್ತಲ್ಲ. ಕೂಗಿ ನಿಂತಿತು, ತಿರುಗಿ ಕೂಗಿತು, ತಿರುಗಿ ನಿಂತಿತು. ನನ್ನ ಕೈ ಚೀಲದೊಳಗೇ ಉಳಿಯಿತು. ಯಾರದೋ ತೊಡೆಯ ಮೇಲಿದ್ದ ಪೆನ್ನು ಕೆಳಗೆ ಬಿತ್ತು. ಹಿಂದಿನಿಂದ ಯಾರೋ "ಯವ್ವಾ" ಅಂದರು. ಹುಡುಗಿ ಎದ್ದು ಬಾಗಿಲ ಕಡೆ ಓಡಿದಳು.

"ನಿಲ್ಲು! ಗೇಟಿಗಿ ಹೋಗಬ್ಯಾಡ, ಕುಂದ್ರು ಇಲ್ಲಿ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆಕೆ ನಿಂತಳು. ನಾನು ಡಬ್ಬಿ ಬಿಚ್ಚಿ, ಯಾರ ಯಾರ ಗಂಡ ಆ ಪಾಳಿಯಲ್ಲಿದ್ದನೋ ಅವರ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂಬತ್ತು. ಆರನೆಯದು ಆಡಕಿಯವಳದು, ಒಂಬತ್ತನೆಯದು ನನ್ನದು.

ಎಲ್ಲರೂ ಆ ಫೋನುಗಳನ್ನೇ ನೋಡುತ್ತ ನಿಂತರು. ಹಾಗೇ ಇನ್ನೊಂದು ನಿಮಿಷ ನಿಂತಿದ್ದರೆ ಯಾರಾದರೂ ಗೇಟಿಗೆ ಓಡುತ್ತಿದ್ದರು, ಅವರ ಹಿಂದೆ ಎಲ್ಲರೂ ಓಡುತ್ತಿದ್ದರು. ನನಗೆ ಬೇರೇನೂ ತೋಚಲಿಲ್ಲ. "ಎಲ್ಲಾರೂ ಚೀಟಿ ಹಿಡೀರಿ, ಆಟ ನಡದದ" ಅಂದೆ. ಬಿಲ್ಲೆ ತೆಗೆದೆ. ಹನ್ನೊಂದು. ಜೋಡಿ ಚಿಮಣಿ ಅನ್ನಲು ಬಾಯಿ ತೆರೆದೆ, ಆಗಲಿಲ್ಲ. "ಹನ್ನೊಂದು" ಎಂದಷ್ಟೇ ಅಂದೆ. ಯಾರೂ ಹೊಡೆದುಕೊಳ್ಳಲಿಲ್ಲ. ಮುಂದಿನದು ತೆಗೆದೆ.

ಮೂರನೆಯ ನಂಬರಿಗೆ ಮೊದಲ ಫೋನ್ ಬಾರಿಸಿತು. ಒಂದೇ ರಿಂಗು, ನಿಂತಿತು. ಅದರ ಒಡತಿ ಫೋನನ್ನು ಎದೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಆಮೇಲೆ ಒಮ್ಮೆಗೇ ಎರಡು ಬಂದವು, ಮತ್ತೊಂದು, ಮತ್ತೊಂದು. ನಾನು ಕೂಗುತ್ತಲೇ ಇದ್ದೆ. ಮಾತಿಲ್ಲದ ಬೋಳು ನಂಬರುಗಳು. ಬಿಲ್ಲೆಯ ಮೇಲಿನ ಅಂಕಿ ಕಾಣುತ್ತಿರಲಿಲ್ಲ, ಎಷ್ಟೋ ಸಲ ಬಾಯಿಗೆ ಬಂದದ್ದನ್ನು ಕೂಗಿದೆ. ಯಾರೂ ತಪ್ಪು ಹಿಡಿಯಲಿಲ್ಲ.

ಏಳು ಫೋನು ಬಾರಿಸಿದವು. ಮೇಜಿನ ಮೇಲೆ ಎರಡು ಉಳಿದವು.

ಇದನ್ನು ನಾನು ನನ್ನ ಗಂಡನಿಗೂ ಹೇಳಿಲ್ಲ. ಆ ಹುಡುಗಿ ಎರಡೂ ಕೈ ಮೇಜಿನ ಅಂಚಿಗೆ ಹಿಡಿದು ನಿಂತಿದ್ದಳು, ಅವಳ ಬಳೆ ಮೇಜಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಯುಗಾದಿಗೆ ನಾನೇ ಕೊಡಿಸಿದ ಬಳೆ. ಅವಳ ಮುಖ ನೋಡುತ್ತ ನಾನು ಮನಸ್ಸಿನಲ್ಲಿ ಏನು ಬೇಡಿಕೊಂಡೆ ಗೊತ್ತೇ? ಇಬ್ಬರದೂ ಬರಲಿ ಎಂದಲ್ಲ. ಒಂದೇ ಬರುವುದಾದರೆ ನನ್ನದು ಬರಲಿ ಎಂದು. ಸನ್ನತಿಯ ಚಂದ್ರಲಾಂಬೆಯ ಹೆಸರು ಹಿಡಿದು ಬೇಡಿಕೊಂಡೆ. ಅಂಜಿಕೆಗೆ ನಾಚಿಕೆ ಇರುವುದಿಲ್ಲ.

ನನ್ನ ಫೋನ್ ಬಾರಿಸಿತು.

"ಹೌಸ್!"

ಒದರಿದವಳು ನಾನೇ. ಫೋನ್ ಹಿಡಿದ ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ. ಇಷ್ಟು ವರ್ಷ ಕೂಗುವವಳಾಗಿ ಒಮ್ಮೆಯೂ ನನಗೆ ಒದರಲು ಸಿಗದ ಮಾತು ಅದು, ಕೂಗುವವಳಿಗೆ ಚೀಟಿ ಇರುವುದಿಲ್ಲವಲ್ಲ. ಯಾಕೆ ಅದೇ ಮಾತು ಬಂತೋ ನನಗೆ ಗೊತ್ತಿಲ್ಲ. ಒದರಿದ ಮೇಲೆ ಭವನವೆಲ್ಲ ನನ್ನನ್ನು ನೋಡಿತು, ಹುಡುಗಿಯೂ ನೋಡಿದಳು. ಮೇಜಿನ ಮೇಲೆ ಅವಳ ಫೋನ್ ಒಂದೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳು ತನ್ನ ಚೀಟಿ ಎತ್ತಿಕೊಂಡಳು.

"ಮುಂದಿನ ನಂಬರ್ ಹೇಳ್ರಿ ಅಕ್ಕಾ. ನಂದು ಇನ್ನ ಬರೋದದ."

ಹೇಳಿದೆ. ಒಂದರ ಮೇಲೊಂದು ಹೇಳುತ್ತ ಹೋದೆ. ಒಬ್ಬರೂ ಮನೆಗೆ ಹೋಗಲಿಲ್ಲ. ಎಷ್ಟು ಕೂಗಿದೆನೋ ಲೆಕ್ಕವಿಲ್ಲ, ಚೀಲದಲ್ಲಿ ಬಿಲ್ಲೆ ಮುಗಿಯುತ್ತ ಬಂದವು. ಆ ಫೋನ್ ಬಾರಿಸಲಿಲ್ಲ. ಹೊರಗೆ ಜೀಪು ಬಂದು ನಿಂತಿತು. ಗೇಟಿನ ಕಾವಲುಗಾರ ಒಳಗೆ ಬಂದು, ಟೊಪ್ಪಿಗೆ ತೆಗೆದು, ಮೇಜಿನ ಮೇಲೆ ಯಾರ ಫೋನ್ ಉಳಿದಿದೆ ಎಂದು ನೋಡಿದ.

"ಜೀವ ಅದ ಯವ್ವಾ, ಜೀವ ಅದ" ಎಂದು ಮೊದಲೇ ಹೇಳಿಬಿಟ್ಟ. "ಭಟ್ಟಿದು ಬಿಸಿ ಪುಡಿ ಮೈಮ್ಯಾಲ ಬಿದ್ದದ. ಕಲಬುರಗಿಗಿ ಒಯ್ಯಲಿಕತ್ತಾರ. ನೀವು ಜಲ್ದಿ ಬರ್ರಿ."

ಅವಳೊಬ್ಬಳನ್ನೇ ಕಳಿಸಲಾಗದೆ ನಾನೂ ಜೀಪು ಹತ್ತಿದೆ. ಅವನು ಬದುಕುತ್ತಾನೆ, ಸುಟ್ಟ ಕೈಗಳಿಂದಲೇ ಆರು ತಿಂಗಳ ಮೇಲೆ ಕೆಲಸಕ್ಕೆ ತಿರುಗಿ ಬರುತ್ತಾನೆ ಎಂದು ಆಗ ನಮಗೆ ಯಾರು ಹೇಳಬೇಕು? ಆ ಜೀಪಿನಲ್ಲಿ ನಮಗೆ ಗೊತ್ತಿದ್ದದ್ದು ಜೀವ ಅದ ಎಂಬುದೊಂದೇ. ಹುಡುಗಿ ನನ್ನ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದಿದ್ದಳು. ನಾನು ಆಕೆಯ ಮುಖ ನೋಡಲಾರದೆ ಹೊರಗಿನ ತೊಗರಿ ಹೊಲ ನೋಡುತ್ತಿದ್ದೆ. 'ಹೌಸ್' ಎಂದು ನಾನು ಒದರಿದ್ದು ನನ್ನ ಕಿವಿಯಲ್ಲೇ ಕೂತಿತ್ತು.

ಅರ್ಧ ದಾರಿ ಬಂದಿರಬೇಕು. ನನ್ನ ಫೋನ್ ಬಾರಿಸಿತು. ಒಂದು ರಿಂಗಿಗೆ ನಿಲ್ಲಲಿಲ್ಲ. ನನ್ನ ಗಂಡ. ಕೆಲಸ ನಿಲ್ಲಿಸಿ ಕಳಿಸಿದ್ದಕ್ಕೆ ಮನೆಗೆ ಬಂದು, ಬೀಗ ನೋಡಿ ಮಾಡಿರಬೇಕು. ಅವಳ ಮುಂದೆ ನನ್ನ ಗಂಡನ ದನಿ ಕೇಳುವ ಮುಖ ನನಗಿರಲಿಲ್ಲ. ಕಟ್ ಮಾಡಿದೆ. ಮತ್ತೆ ಬಾರಿಸಿತು, ಮತ್ತೆ ಕಟ್ ಮಾಡಿದೆ.

"ಎತ್ರಿ ಅಕ್ಕಾ" ಅಂದಳು ಹುಡುಗಿ. "ಹಂಗ ಕಟ್ ಮಾಡಬ್ಯಾಡ್ರಿ. ಅಂಜತಾರ ಅವರು."

ಮೂರನೆಯ ಸಲ ಎತ್ತಿದೆ. ಅತ್ತಲಿಂದ ಅವನು ಹಲೋ, ಹಲೋ ಅನ್ನುತ್ತಿದ್ದ. ಊರಿಗೆಲ್ಲ ಕೂಗುವ ನನಗೆ ದನಿಯೇ ಹೊರಡಲಿಲ್ಲ.

ಹುಡುಗಿ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಅಣ್ಣಾರ, ನಾನ್ರಿ. ಏನೂ ಅಂಜಬ್ಯಾಡ್ರಿ. ಅಕ್ಕಾರು ಆರಾಮ ಅದಾರ" ಅಂದಳು.