ಅಮೆರಿಕದ ಬಜೆಟ್ ನಿಂತಾಗ ನಮ್ಮ ಮೂರನೇ ಮಹಡಿ

೨೦೧೩ರ ಅಕ್ಟೋಬರ್‌ನಲ್ಲಿ ನಾನು ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರ ಮೂರನೇ ಮಹಡಿಯಲ್ಲಿ ಸೀನಿಯರ್ ಏಜೆಂಟ್ ಆಗಿದ್ದೆ. ಏಜೆಂಟ್ ಎಂದೊಡನೆ ಗೂಢಚಾರ ಅಂದುಕೊಳ್ಳಬೇಡಿ. ಬೇಗೂರಿನ ನಮ್ಮಜ್ಜಿ ಹಾಗೆ ತಿಳಿದು ಮೂರು ತಿಂಗಳು ಬೀದಿಯಲ್ಲಿ ತಲೆ ಎತ್ತಿಕೊಂಡು ಓಡಾಡಿದ್ದಳು. ನನ್ನ ಕೆಲಸ ಹೆಡ್‌ಸೆಟ್ ಹಾಕಿಕೊಂಡು ಫೋನಿಗೆ ಉತ್ತರಿಸುವುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಒಳಗೆ ಕ್ಯಾಬಿನ್, ಟೆಂಟ್ ಜಾಗ ಕಾದಿರಿಸಿ ಕೊಡುವ ಒಂದು ಖಾಸಗಿ ಕಂಪನಿಯ ಹೆಲ್ಪ್‌ಲೈನ್ ನಮ್ಮದು. ಬನ್ನೇರುಘಟ್ಟದಿಂದಾಚೆ ಕಾಡನ್ನೇ ಕಾಣದ ನಾಗೇಶ ಎಂಬ ನಾನು, ಸಂಜೆ ಐದೂವರೆಗೆ ನಿಕ್ ಆಗಿ, "ಕರಡಿ ಎದುರಾದರೆ ಓಡಬೇಡಿ ಮೇಡಂ" ಎಂದು ಅಮೆರಿಕದವರಿಗೇ ಬುದ್ಧಿ ಹೇಳುತ್ತಿದ್ದೆ.

ನನಗೊಂದು ಚಟವಿತ್ತು. ಯಾರ ಮಾತು ಕೇಳಿದರೂ ಎರಡು ದಿನದಲ್ಲಿ ಅದು ನನ್ನ ಗಂಟಲಿಗೆ ಇಳಿದುಬಿಡುತ್ತಿತ್ತು. ಕ್ಯಾಂಟೀನಿನಲ್ಲಿ ದಿನವೂ ನನ್ನದೊಂದು ಅಣಕು ಆಟ. ಫ್ಲೋರ್ ನಡೆಸುವ ಆಪರೇಷನ್ಸ್ ಮ್ಯಾನೇಜರ್ ಶೀಲಾ ಮೇಡಂ ಒಂದೇ ಉಸಿರಿಗೆ ಮೂವರನ್ನು ಬೈದು ಇಬ್ಬರನ್ನು ಹೊಗಳುವುದು. ಕ್ವಾಲಿಟಿ ಮ್ಯಾನೇಜರ್ ವರದರಾಜ್ ಸಾರ್ ಪ್ರತಿ ಮಾತಿಗೂ ಮುಂಚೆ ಕನ್ನಡಕ ಒರೆಸುವುದು. ಅಮೆರಿಕದ ಕಂಪನಿಯ ಪರವಾಗಿ ನಮ್ಮನ್ನು ನೋಡಿಕೊಳ್ಳುತ್ತಿದ್ದ ಡಗ್ ಎಂಬಾತ, ಪದ ಪದವನ್ನೂ ಚೂಯಿಂಗ್ ಗಮ್ ಥರ ಎಳೆಯುವುದು. ಡಗ್‌ನನ್ನು ಮಾಡಿದಾಗ ಚಪ್ಪಾಳೆ ಜಾಸ್ತಿ.

ಅಮೆರಿಕ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ ಒಂದಕ್ಕೆ ಶುರು. ಅಷ್ಟರೊಳಗೆ ಅವರ ಸಂಸತ್ತಿನ ಎರಡೂ ಸದನಗಳು ಖರ್ಚಿಗೆ ಒಪ್ಪಿಗೆ ಕೊಡಬೇಕು. ಆ ವರ್ಷ ಆರೋಗ್ಯ ವಿಮೆಯ ಕಾನೂನಿನ ವಿಚಾರಕ್ಕೆ ಎರಡು ಪಕ್ಷಗಳೂ ಹಟಕ್ಕೆ ಬಿದ್ದವು. ನೀನು ಬಗ್ಗು, ನೀನು ಬಗ್ಗು ಅನ್ನುತ್ತಲೇ ತಾರೀಕು ದಾಟಿತು. ಒಪ್ಪಿಗೆಯಿಲ್ಲದೆ ದುಡ್ಡಿಲ್ಲ, ದುಡ್ಡಿಲ್ಲದೆ ಕಚೇರಿಗಳಿಲ್ಲ. ರಾಷ್ಟ್ರೀಯ ಉದ್ಯಾನಗಳ ಗೇಟಿಗೂ ಬೀಗ ಬಿತ್ತು. ವ್ಯಾಪಾರ ನಿಂತು, ನಮಗೆ ಕೆಲಸ ಕೊಟ್ಟಿದ್ದ ಅಮೆರಿಕದ ಆ ಖಾಸಗಿ ಕಂಪನಿ ಅಲ್ಲಿನ ತನ್ನ ಅರ್ಧ ಜನರನ್ನು ಸಂಬಳವಿಲ್ಲದ ರಜೆಯ ಮೇಲೆ ಮನೆಗೆ ಕಳಿಸಿತು. ಡಗ್ ಕೂಡ ಮನೆಗೆ ಹೋದ.

ಇಲ್ಲಿ ಏಟು ಬಿದ್ದದ್ದು ರೇಣುಕಾಗೆ. ಜಮಖಂಡಿ ಕಡೆಯ ಹುಡುಗಿ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಎರಡು ವರ್ಷ ನಿಂತುಕೊಂಡೇ ಪ್ಯಾಕಿಂಗ್ ಮಾಡಿ, ಭಾನುವಾರಗಳಲ್ಲಿ ಇಂಗ್ಲಿಷ್ ಕ್ಲಾಸಿಗೆ ಹೋಗಿ ನಮ್ಮಲ್ಲಿಗೆ ಬಂದವಳು. ಅಕ್ಕನ ಜೊತೆ ಹೂಡಿಯಲ್ಲಿ ಒಂದು ಬಾಡಿಗೆ ರೂಮು. ಅವಳ ಪ್ರೊಬೇಷನ್ ಅಕ್ಟೋಬರ್ ಹದಿನೈದಕ್ಕೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕ್ವಾಲಿಟಿಯವರು ಅವಳ ಇಪ್ಪತ್ತು ಕಾಲ್‌ಗಳ ರೆಕಾರ್ಡಿಂಗ್ ಕೇಳಿ ಅಂಕ ಹಾಕಿರಬೇಕು, ಸರಾಸರಿ ಎಂಬತ್ತೈದು ದಾಟಿರಬೇಕು. ಇಲ್ಲದಿದ್ದರೆ ಕೆಲಸ ಹೋದಂತೆ. ಸೆಪ್ಟೆಂಬರ್ ಕೊನೆಗೆ ಹನ್ನೊಂದು ಆಗಿತ್ತು.

ಕಾಲ್‌ಗಳೇನೋ ಸುರಿಯುತ್ತಿದ್ದವು. ಆದರೆ ಒಂದೂ ಬುಕಿಂಗ್ ಅಲ್ಲ. "ಯಾಕೆ ಮುಚ್ಚಿದ್ದೀರಿ? ಯಾವಾಗ ತೆಗೀತೀರಿ? ತಪ್ಪು ಯಾವ ಪಕ್ಷದ್ದು, ನೀನೇ ಹೇಳು." ಪ್ರತಿ ಕಾಲ್ ಮುಗಿದ ಮೇಲೆ ಅದು ಯಾವ ಬಗೆಯದು ಎಂದು ಕಂಪ್ಯೂಟರಿನಲ್ಲಿ ಒಂದು ಕೋಡ್ ಒತ್ತಬೇಕು. ಬುಕಿಂಗಿಗೆ ಒಂದು, ಬದಲಾವಣೆಗೆ ಒಂದು. ದೇಶವೇ ಬಾಗಿಲು ಹಾಕಿಕೊಂಡರೆ ಏನು ಒತ್ತಬೇಕೆಂದು ಯಾರೂ ಯೋಚಿಸಿರಲಿಲ್ಲ. ಎಲ್ಲವೂ "ಇತರೆ" ಎಂಬ ಕೋಡಿಗೆ ಹೋದವು. "ಇತರೆ"ಗೆ ಅಂಕ ಹಾಕುವ ಫಾರಂ ಇರಲಿಲ್ಲ. ಹೊಸ ಕೋಡ್ ಮಾಡಲು ಅಮೆರಿಕದಿಂದ ಒಪ್ಪಿಗೆ ಬರಬೇಕು. ಒಪ್ಪಿಗೆ ಕೊಡುವವನು ಡಗ್ ಒಬ್ಬನೇ.

ನಾವೆಲ್ಲ "ಕ್ಷಮಿಸಿ, ಸದ್ಯಕ್ಕೆ ಮುಚ್ಚಿದೆ" ಎಂದು ಕಾಲ್ ಮುಗಿಸುತ್ತಿದ್ದೆವು. ರೇಣುಕಾ ಮುಗಿಸುತ್ತಿರಲಿಲ್ಲ. ಮ್ಯಾಪ್ ತೆಗೆದುಕೊಂಡು, ಉದ್ಯಾನದ ಗೇಟಿನ ಹೊರಗೆ ಯಾವ ತೋಟದ ಮನೆ ತೆರೆದಿದೆ, ಯಾರ ಜಮೀನಿನಲ್ಲಿ ಟೆಂಟ್ ಹಾಕಲು ಬಿಡುತ್ತಾರೆ ಎಂದು ಹುಡುಕಿ ಕೊಡುತ್ತಿದ್ದಳು.

"ಇದು ಸ್ಕ್ರಿಪ್ಟಲ್ಲಿ ಇಲ್ವಲ್ಲಮ್ಮಾ" ಅಂದೆ.

"ಮಂದಿ ಮನಿಂದ ಹೊಂಟಬಿಟ್ಟಾರ್ರಿ ಅಣ್ಣಾ. ಅರ್ಧಾ ದಾರ್‍ಯಾಗ ಅದಾರ. ಮುಚ್ಚೇತಿ ಅಂದ್ರ ಅವ್ರು ಎಲ್ಲಿ ಮಲಗ್ಬೇಕು?"

ನಾನು ಮುಂದಿನ ಕಾಲ್ ಎತ್ತಿಕೊಂಡು, ನಿಕ್‌ನ ಧ್ವನಿಯಲ್ಲಿ, "ಕ್ಷಮಿಸಿ, ಸದ್ಯಕ್ಕೆ ಮುಚ್ಚಿದೆ" ಅಂದೆ.

ಶೀಲಾ ಮೇಡಂ ಹಟ ಹಿಡಿದರು, ಈ ಕಾಲ್‌ಗಳಿಗೇ ಅಂಕ ಹಾಕಿ. ವರದರಾಜ್ ಸಾರ್ ಕನ್ನಡಕ ಒರೆಸಿದರು, "ಅಳೆಯೋ ಕೋಲೇ ಇಲ್ಲ ಮೇಡಂ, ಏನಿಟ್ಟು ಅಳೀಲಿ?" ಅವರು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದವರು. ತಂದೆ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಮನೆಯಲ್ಲಿ ದೋಸೆಗೂ ದಪ್ಪ ಅಳೆಯುವ ಗೇಜ್ ಇಟ್ಟು ನೋಡುತ್ತಿದ್ದರು ಎಂಬುದು ನಾನು ಹಬ್ಬಿಸಿದ ಸುದ್ದಿ. ಒಂದು ವಾರದಲ್ಲಿ ಇಬ್ಬರ ನಡುವೆ ಮಾತು ನಿಂತು ಈಮೇಲ್ ಶುರುವಾಯಿತು. ಹತ್ತು ಹೆಜ್ಜೆ ದೂರದ ಎರಡು ಗಾಜಿನ ಕೋಣೆಗಳಿಂದ ಪತ್ರಗಳು ಹೊರಟು, ಹದಿನಾಲ್ಕು ಮಂದಿಗೆ ನಕಲು ಹೋಗುತ್ತಿದ್ದವು. ಫ್ಲೋರ್ ಕೂಡ ಶೀಲಾ ಪಕ್ಷ, ವರದ ಪಕ್ಷ ಎಂದು ಒಡೆಯಿತು. ನಾನು ಎರಡೂ ಪಕ್ಷದ ಮೇಜಿನಲ್ಲಿ ಟೀ ಕುಡಿದು, ಇವರದನ್ನು ಅಲ್ಲಿ, ಅವರದನ್ನು ಇಲ್ಲಿ ಮಾಡಿ ತೋರಿಸುತ್ತಿದ್ದೆ. ನನ್ನಂಥವರು ವಾಷಿಂಗ್ಟನ್ನಿನಲ್ಲೂ ಇದ್ದಿರಬೇಕು. ಜಗಳ ಬಿಸಿಯಾಗಿಯೇ ಇರಲು ಅಷ್ಟು ಸಾಕು.

ಅಕ್ಟೋಬರ್ ಹತ್ತು, ಗುರುವಾರ. ವಾರಕ್ಕೊಮ್ಮೆ ಸಂಜೆ ಆರೂವರೆಗೆ ಡಗ್‌ನ ಜೊತೆ ಕಾನ್ಫರೆನ್ಸ್ ಕಾಲ್ ಇರುತ್ತಿತ್ತು. ಒಂದು ನಂಬರಿಗೆ ಎಲ್ಲರೂ ಡಯಲ್ ಮಾಡಿ ಸೇರುವುದು. ಡಗ್ ಇಲ್ಲದಿದ್ದರೂ ಕ್ಯಾಲೆಂಡರಿನಿಂದ ಅದನ್ನು ಯಾರೂ ತೆಗೆದಿರಲಿಲ್ಲ. ಶೀಲಾ ಮೇಡಂ ಒಬ್ಬರೇ ಕಾಯುತ್ತಿರುತ್ತಾರೆ, ಪಾಪ, ನಗಿಸೋಣ ಅನ್ನಿಸಿತು. ಟ್ರೈನಿಂಗ್ ರೂಮಿನಿಂದ ಡಯಲ್ ಮಾಡಿ, ಡಗ್‌ನ ಧ್ವನಿಯಲ್ಲಿ ಹಲೋ ಎಳೆದೆ.

ಮೇಡಂ ಕುಂದಲಹಳ್ಳಿ ಗೇಟಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರಂತೆ. ಗಾಜಿನಾಚೆ ಆ ಕಾಲ್‌ಗೆ ಸೇರಿಕೊಂಡು ಕಾಯುತ್ತಿದ್ದವರು ವರದರಾಜ್ ಸಾರ್. ಅವರು ಎದ್ದು ನಿಂತರು. ಫೋನಿನಲ್ಲಿ ಮಾತಾಡಲು ಅಂಗಿಯ ತೋಳಿನ ಗುಂಡಿ ಹಾಕಿಕೊಂಡರು.

"ಡಗ್! ಹೇಗಿದ್ದೀರಿ? ಮನೆಯಲ್ಲಿ ಎಲ್ಲರೂ ಹುಷಾರಾ? ಸಂಬಳ ನಿಲ್ಲಿಸಿದ್ದಾರೆ ಅಂತ ಕೇಳಿದೆ. ತುಂಬಾ ಬೇಜಾರಾಯ್ತು" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆಗಲೇ ನಾನು ಫೋನ್ ಇಡಬೇಕಿತ್ತು. ಗಂಟಲು ಕೇಳಲಿಲ್ಲ. "ನಡೀತಾ ಇದೆ ಗೆಳೆಯಾ" ಎಂದಿತು.

"ರಜೆಯಲ್ಲಿರುವವರನ್ನು ಕೇಳಬಾರದು. ಆದರೂ ಕೇಳುತ್ತೇನೆ. ನಮ್ಮಲ್ಲೊಬ್ಬ ಹುಡುಗಿ ಇದ್ದಾಳೆ. ಅವಳ ಕಾಲ್‌ಗಳನ್ನು ನಾನು ರಜೆಯ ದಿನ ಕೂತು ಕೇಳಿದ್ದೇನೆ. ಇಷ್ಟು ವರ್ಷದಲ್ಲಿ ಇಂಥ ಕೆಲಸ ನೋಡಿಲ್ಲ. ನಿಯಮದ ಪ್ರಕಾರ ಅವಳನ್ನು ನಾನೇ ಕಳಿಸಬೇಕಾಗುತ್ತದೆ. ಒಂದು ಕೋಡ್ ಕೊಡಿ ಡಗ್. ದಯವಿಟ್ಟು."

"ಖಂಡಿತ, ಮಾಡಿ" ಅಂದುಬಿಟ್ಟೆ. ಅವರು ಗಾಳಿಗೆ ಕೈಮುಗಿದು, ಕೂತು, ಡಗ್ ಬಾಯಿಮಾತಿನಲ್ಲಿ ಒಪ್ಪಿದ್ದಾನೆಂದು ಬರೆದುಕೊಳ್ಳತೊಡಗಿದರು.

ನೇರ ರೇಣುಕಾ ಹತ್ತಿರ ಓಡಿ ನಡೆದದ್ದು ಹೇಳಿದೆ. ನಗುತ್ತಾಳೆ ಅಂದುಕೊಂಡೆ. ಅವಳು ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟಳು.

"ನೀವ ಹೋಗಿ ಹೇಳ್ತೀರೋ, ನಾನ ಹೇಳ್ಲೋ?"

"ನಿನ್ನ ಕೆಲಸ ಉಳೀತು ಕಣಮ್ಮಾ!"

"ನಿಮ್ಮ ಗಂಟಲದಾಗಿನ ಕೆಲಸಾ ನನಗ ಬ್ಯಾಡ್ರಿ. ನಾಳೆ ಆ ಡಗ್ ಖರೇನ ಫೋನ್ ಮಾಡಿದ್ರ, ಸರ್ ಮಾರಿ ಎಲ್ಲಿ ಇಟ್ಕೋಬೇಕು?"

ಹೋಗಿ ಹೇಳಿದೆ. ಮೊದಲ ಬಾರಿಗೆ, ನನ್ನದೇ ಧ್ವನಿಯಲ್ಲಿ. ಅದು ಅಷ್ಟೊಂದು ಸಣ್ಣದು ಅಂತ ನನಗೇ ಗೊತ್ತಿರಲಿಲ್ಲ. ವರದರಾಜ್ ಸಾರ್ ಕನ್ನಡಕ ತೆಗೆದರು. ಒರೆಸಲಿಲ್ಲ.

"ನಾನು ಅವನ ಮನೆಯವರ ಬಗ್ಗೆ ಕೇಳಿದ್ನಲ್ಲಯ್ಯಾ" ಅಂದರು. ಅಷ್ಟೇ. ಬೈದಿದ್ದರೆ ಅದನ್ನೂ ಕಲಿತು ಕ್ಯಾಂಟೀನಿನಲ್ಲಿ ಮಾಡುತ್ತಿದ್ದೆನೇನೋ. ಆ ಒಂದು ಸಾಲನ್ನು ಇವತ್ತಿನವರೆಗೆ ಯಾರೆದುರೂ ಮಾಡಿ ತೋರಿಸಿಲ್ಲ.

ಮರುದಿನ ಶುಕ್ರವಾರ. ಆಯುಧಪೂಜೆ ಭಾನುವಾರ ಬಂದದ್ದರಿಂದ ಆಫೀಸಿನಲ್ಲಿ ಅಂದೇ ಮುಗಿಸಿದ್ದರು. ಹೆಡ್‌ಸೆಟ್‌ಗಳಿಗೆಲ್ಲ ಕುಂಕುಮ. ಸಾರ್ ನನ್ನನ್ನು ಕರೆದುಕೊಂಡು, ಮಾತು ನಿಂತ ಮೇಲೆ ಮೊದಲ ಸಲ ಶೀಲಾ ಮೇಡಂ ಕೋಣೆಗೆ ನಡೆದರು. ನನ್ನ ಮೇಲೆ ದೂರು ಕೊಡಲು. ಸಾಕ್ಷಿಗೆ ರೆಕಾರ್ಡಿಂಗ್ ತಂದಿದ್ದರು. ನಮ್ಮಲ್ಲಿ ಕಾನ್ಫರೆನ್ಸ್ ಕಾಲ್‌ಗಳೂ ರೆಕಾರ್ಡ್ ಆಗುತ್ತಿದ್ದವು. ನನ್ನ ಹಲೋಗೆ ಮೇಡಂ ನಗು ತಡೆಯಲು ತುಟಿ ಕಚ್ಚಿಕೊಂಡರು. ಆಮೇಲೆ ಸಾರ್ ಧ್ವನಿ ಬಂತು. "ಒಂದು ಕೋಡ್ ಕೊಡಿ ಡಗ್. ದಯವಿಟ್ಟು."

ಮೇಡಂ ರೆಕಾರ್ಡಿಂಗ್ ನಿಲ್ಲಿಸಿದರು. "ಏನ್ರೀ ವರದ್, ನೀವೂ ಇದನ್ನೇ ಕೇಳ್ತಿದ್ರಾ? ನಾನು ಹತ್ತು ದಿನದಿಂದ ನಿಮ್ಮನ್ನ ಕಲ್ಲು ಅಂತ ಬಯ್ಕೊಂಡು ಓಡಾಡ್ತಿದೀನಿ!"

"ಹುಡುಗಿ ಬೇಡ ಅಂತ ನಾನು ಯಾವಾಗ ಅಂದೆ ಮೇಡಂ? ಕೋಡ್ ಇಲ್ಲ ಅಂದೆ."

"ಹಾಗಂತ ಬಾಯಲ್ಲಿ ಹೇಳೋಕೇನ್ರೀ ನಿಮಗೆ?"

"ನೀವು ಈಮೇಲ್ ಕಳಿಸಿದ್ರಿ."

ಒಂದು ಫೋನಿಗೆ ಎರಡು ಹೆಡ್‌ಸೆಟ್ ಚುಚ್ಚಲು ವೈ-ಜಾಕ್ ಎಂಬ ಕವಲು ವಯರ್ ಇರುತ್ತದೆ. ಹೊಸಬರಿಗೆ ಕಲಿಸಲು ಬಳಸುವುದು. ಮೇಡಂ ಅದನ್ನು ಚುಚ್ಚಿ ಒಂದು ತುದಿ ಸಾರ್ ಕೈಗೆ ಕೊಟ್ಟರು. ಕುಂಕುಮದ ಹೆಡ್‌ಸೆಟ್‌ಗಳಲ್ಲಿ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ರೇಣುಕಾಳ "ಇತರೆ" ಕಾಲ್‌ಗಳನ್ನು ಕೇಳಿದರು. ಹನ್ನೊಂದು ಮಂದಿಯ ಸಂಸಾರ ಕಟ್ಟಿಕೊಂಡು ಹೊರಟಿದ್ದ ಒಬ್ಬ ಮುದುಕ ಎರಡೂ ಪಕ್ಷಗಳ ವಂಶ ಜಾಲಾಡುತ್ತಿದ್ದ. ಎಲ್ಲ ಮುಗಿಯಲು ಬಿಟ್ಟು ಅವಳು ಕೇಳಿದಳು, "ಸರ್, ನಿಮ್ಮಲ್ಲಿ ಮೆಟ್ಟಿಲು ಹತ್ತಲು ಆಗದವರು ಯಾರಾದರೂ ಇದ್ದಾರಾ? ಹಾಗಿದ್ದರೆ ಕೆಳಗಿನ ರೂಮೇ ನೋಡುತ್ತೇನೆ." ಮುದುಕ ತಣ್ಣಗಾದ.

ಕೋಡ್ ಆಗಲೂ ಇರಲಿಲ್ಲ. ಆದರೆ ಸಾರ್‌ಗೆ ಒಂದು ಫಾರಂ ನೆನಪಾಯಿತು. ಪ್ರೊಬೇಷನ್ನನ್ನು ಮೂವತ್ತು ದಿನ ಮುಂದಕ್ಕೆ ಹಾಕುವುದು. ಆಪರೇಷನ್ಸ್, ಕ್ವಾಲಿಟಿ ಎರಡರ ಸಹಿಯೂ ಬೇಕು. ಹಾಗಾಗಿಯೇ ಅದನ್ನು ಅಲ್ಲಿಯವರೆಗೆ ಯಾರೂ ಬಳಸಿರಲಿಲ್ಲ. ಎರಡು ಸಹಿ ಬಿದ್ದವು.

ಅಕ್ಟೋಬರ್ ಹದಿನೇಳಕ್ಕೆ ಅಮೆರಿಕದವರೂ ಬಾಗಿಲು ತೆಗೆದರು. ಅವರದೂ ಪೂರ್ತಿ ಬಜೆಟ್ ಅಲ್ಲ, ಜನವರಿ ಹದಿನೈದರವರೆಗೆ ತಳ್ಳಿಕೊಂಡು ಹೋಗಲು ಒಂದು ತಾತ್ಕಾಲಿಕ ಒಪ್ಪಿಗೆ. ನಮ್ಮ ಮೂರನೇ ಮಹಡಿ ಆರು ದಿನ ಮೊದಲೇ ಅದನ್ನು ಮಾಡಿ ಮುಗಿಸಿತ್ತು. ಬುಕಿಂಗ್‌ಗಳು ಶುರುವಾದವು. ರೇಣುಕಾ ಉಳಿದ ಒಂಬತ್ತು ಕಾಲ್‌ಗಳನ್ನು ದಾಟಿ ಕಾಯಂ ಆದಳು. ಕಂಪನಿ ನನ್ನನ್ನು ಕೆಲಸದಿಂದ ತೆಗೆಯದೆ ಲಿಖಿತ ಎಚ್ಚರಿಕೆ ಕೊಟ್ಟಿತು. ಜೊತೆಗೆ ಒಂದು ತಿಂಗಳು ವರದರಾಜ್ ಸಾರ್ ಪಕ್ಕದಲ್ಲಿ ಕೂತು, ಬಾಯಿ ಬಿಡದೆ, ಬೇರೆಯವರ ಕಾಲ್ ಕೇಳುವ ಶಿಕ್ಷೆ. ನಾನು ಮಾತಿನ ಎಳೆತ ಹಿಡಿಯುವುದರಲ್ಲಿ ಚುರುಕು, ಮಾತು ಹಿಡಿಯುವುದರಲ್ಲಿ ಅಲ್ಲ ಎಂದು ಗೊತ್ತಾದದ್ದು ಆ ತಿಂಗಳಲ್ಲಿ. ಆಮೇಲೆ ನಾನೂ ಕ್ವಾಲಿಟಿಗೇ ಸೇರಿದೆ.

ಎಚ್ಚರಿಕೆ ಪತ್ರದ ಹಿಂದೆ ಸಾರ್ ಒಂದು ಹಾಳೆ ಲಗತ್ತಿಸಿದ್ದರು. ಆ ಸುಳ್ಳು ಕಾಲ್‌ಗೆ ಅವರು ಹಾಕಿದ ಅಂಕಪಟ್ಟಿ. ಎಲ್ಲ ಫಾರಂಗಳಂತೆ ಅದರಲ್ಲೂ ಅಂಕ, ಕಾಲ್ ಮಾಡಿದವನಿಗಲ್ಲ, ಉತ್ತರಿಸಿದ ಏಜೆಂಟಿಗೆ. ಏಜೆಂಟ್ ಹೆಸರು: ವರದರಾಜ್. ಸೌಜನ್ಯ, ಪೂರ್ಣ. ಸಮಸ್ಯೆಯ ವಿವರಣೆ, ಪೂರ್ಣ. ಕಾಲ್ ಮಾಡಿದವರು ಯಾರೆಂದು ಖಚಿತಪಡಿಸಿಕೊಂಡರೇ? ಇಲ್ಲ. ಈ ಒಂದು ತಪ್ಪಿಗೆ, ನಿಯಮದಂತೆ, ಒಟ್ಟು ಅಂಕ ಸೊನ್ನೆ. ಕೆಳಗೆ ಅವರದೇ ಸಹಿ.

ಹೊಸಬರಿಗೆ ಅಂಕ ಹಾಕುವುದು ಹೇಗೆಂದು ಕಲಿಸುವಾಗ, ಮೊದಲ ದಿನ ನಾನು ಆ ಹಾಳೆ ತೋರಿಸುತ್ತೇನೆ.